ಹೆಗಲಾಚೆ ನಿಂತವರು: ಹಳೆಯ ಹಾಕಿ ಕಾರ್ಡುಗಳ ಹಿನ್ನೆಲೆ ಆಟಗಾರರನ್ನು ಗುರುತಿಸುವ ಬಗೆ

ಹಳೆಯ ಹಾಕಿ ಕಾರ್ಡೊಂದು ಕೈಗೆ ಬಂದರೆ ಎಲ್ಲರ ಕಣ್ಣೂ ನಡುವೆ ನಿಂತವನ ಮೇಲೆ ಹೋಗುತ್ತದೆ. ಕೆಳಗಿನ ಹೆಸರು ಅವನದು, ಹಿಂಬದಿಯ ಅಂಕಿ ಅಂಶ ಅವನದು, ಮಾರುಕಟ್ಟೆಯಲ್ಲಿ ಬೆಲೆಯೂ ಅವನದೇ. ಇವತ್ತು ಅವನನ್ನು ಅಲ್ಲೇ ಬಿಟ್ಟು ಅವನ ಹೆಗಲಾಚೆ ನೋಡೋಣ. ಅಲ್ಲೊಬ್ಬನ ಅರ್ಧ ಬೆನ್ನು ಕಾಣುತ್ತದೆ, ಇನ್ನೊಬ್ಬನ ಮೊಣಕೈ, ಗೋಲಿನ ಮುಂದೆ ಬಗ್ಗಿ ನಿಂತ ಒಂದು ಮಸುಕು ಆಕಾರ. ಅವರು ಯಾರು ಎಂದು ಹೇಳುವುದಕ್ಕೆ ಒಂದು ಕ್ರಮವಿದೆ.

ಹಾಕಿ ಎಂದ ತಕ್ಷಣ ನಮಗೆಲ್ಲ ಕೊಡಗಿನ ಮೈದಾನ ನೆನಪಾಗುವುದು ಸಹಜ. ಇಲ್ಲಿ ಹೇಳುತ್ತಿರುವುದು ಐಸ್ ಹಾಕಿಯ ವಿಷಯ, ಅದರಲ್ಲೂ ಕೆನಡಾ ಮತ್ತು ಅಮೆರಿಕದ ತಂಡಗಳು ಆಡುವ ನ್ಯಾಷನಲ್ ಹಾಕಿ ಲೀಗಿನದು. ಬಬಲ್‌ಗಮ್ ಪೊಟ್ಟಣದ ಜೊತೆ ಬರುತ್ತಿದ್ದ ಕಾರ್ಡುಗಳು ಇವು. ಟೊರಾಂಟೊದ ಪಾರ್ಕ್‌ಹರ್ಸ್ಟ್ ಕಂಪನಿ 1951-52ರಲ್ಲಿ ಶುರು ಮಾಡಿ 1963-64ರವರೆಗೆ ಕಾರ್ಡು ತಂದಿತು. ನ್ಯೂಯಾರ್ಕಿನ ಬ್ರೂಕ್ಲಿನ್‌ನ ಟಾಪ್ಸ್ 1954-55ರಲ್ಲಿ ಒಮ್ಮೆ ತಂದು, 1957-58ರಿಂದ ಮತ್ತೆ ಹಿಡಿದುಕೊಂಡಿತು. ಒಂಟಾರಿಯೊದ ಲಂಡನ್ ಊರಿನ ಓ-ಪೀ-ಚೀ 1968-69ರಿಂದ ತನ್ನ ಹೆಸರಿನಲ್ಲಿ ಸೆಟ್‌ಗಳನ್ನು ಹೊರಡಿಸಿತು. ನಾನು ಹೇಳುವುದೆಲ್ಲ ಬಹುಮಟ್ಟಿಗೆ 1951ರಿಂದ 1983ರ ನಡುವಿನ ಕಾರ್ಡುಗಳಿಗೆ ಅನ್ವಯಿಸುತ್ತದೆ.

ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ ಎಂದು ಕೇಳಬಹುದು. ಲೀಗಿನಲ್ಲಿ ಹತ್ತೋ ಹದಿನೈದೋ ಪಂದ್ಯ ಆಡಿ ಮರಳಿ ಸಣ್ಣ ಲೀಗಿಗೆ ಹೋದ ಆಟಗಾರರು ಬಹಳ ಮಂದಿ. ಅವರ ಹೆಸರಿನಲ್ಲಿ ಯಾರೂ ಕಾರ್ಡು ಮಾಡಲಿಲ್ಲ. ಅಂಥವನೊಬ್ಬ ಬೇರೆಯವನ ಕಾರ್ಡಿನ ಮೂಲೆಯಲ್ಲಿ ಸ್ಟಿಕ್ ಹಿಡಿದು ನಿಂತಿದ್ದರೆ, ಕಾರ್ಡಿನ ಮೇಲೆ ಅವನಿಗೆ ಸಿಕ್ಕ ಜಾಗ ಅದೊಂದೇ. ಆ ಮೂಲೆಗೊಂದು ಹೆಸರು ಬರೆಯುವುದು ದೊಡ್ಡ ಕೆಲಸ ಎಂದೇ ನನ್ನ ನಂಬಿಕೆ. ಹಾಗಾಗಿಯೇ ತಪ್ಪು ಹೆಸರು ಬರೆಯಬಾರದು. ಒಮ್ಮೆ ಬರೆದದ್ದು ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಹೋಗುತ್ತದೆ, ಆಮೇಲೆ ಅಳಿಸುವುದು ಕಷ್ಟ.

ಹೆಚ್ಚಿನವರು ಎಡವುವುದು ಮೊದಲ ಹೆಜ್ಜೆಯಲ್ಲೇ. ಅವರು ಮುಖದಿಂದ ಶುರು ಮಾಡುತ್ತಾರೆ. "ಇವನು ನೋಡೋಕೆ ಅವನ ಹಾಗೇ ಇದ್ದಾನಲ್ಲ" ಎಂದು ಒಂದು ಹೆಸರು ಮನಸ್ಸಿನಲ್ಲಿ ಕೂತರೆ ಮುಗಿಯಿತು, ಆಮೇಲೆ ಕಣ್ಣು ಆ ಹೆಸರಿಗೆ ಬೇಕಾದ್ದನ್ನು ಮಾತ್ರ ಹುಡುಕುತ್ತದೆ. ನಾವು ಮುಖವನ್ನು ಕಟ್ಟಕಡೆಗೆ ಇಟ್ಟುಕೊಳ್ಳೋಣ. ಮೊದಲು ಕಾಲ, ಆಮೇಲೆ ತಂಡ, ಆಮೇಲೆ ಸಂಖ್ಯೆ, ಆಮೇಲೆ ಮೈಕಟ್ಟು ಮತ್ತು ಕೈ, ಕೊನೆಗೆ ಮುಖ.

ಕಾಲದಿಂದ ಶುರು ಮಾಡೋಣ. ಕಾರ್ಡಿನ ವರ್ಷವೂ ಫೋಟೊ ತೆಗೆದ ವರ್ಷವೂ ಒಂದಲ್ಲ. 1975-76ರ ಕಾರ್ಡನ್ನು ಆ ಸೀಸನ್ನಿನ ಮಾರಾಟಕ್ಕೆಂದು ಮೊದಲೇ ಅಚ್ಚು ಮಾಡಿರುತ್ತಾರೆ. ಆದ್ದರಿಂದ ಅದರ ಫೋಟೊ ಸಾಮಾನ್ಯವಾಗಿ 1974-75ರದ್ದು, ಕೆಲವೊಮ್ಮೆ ಇನ್ನೂ ಹಳೆಯದು. ಹೀಗೆ ಮೇಲಿನ ಗಡಿ ಸಿಕ್ಕಿತು. ಕೆಳಗಿನ ಗಡಿಯನ್ನು ಮುಂದೆ ನಿಂತವನೇ ಕೊಡುತ್ತಾನೆ: ಅವನು ಆ ಜೆರ್ಸಿ ಮೊದಲ ಸಲ ತೊಟ್ಟದ್ದು ಯಾವಾಗ? ತಂಡಕ್ಕೆ 1973ರಲ್ಲಿ ಸೇರಿದ್ದರೆ ಫೋಟೊ ಅದಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ಈ ಎರಡು ಗಡಿಗಳನ್ನು ಕಾಗದದ ಮೇಲೆ ಬರೆದುಕೊಂಡು ಮುಂದಕ್ಕೆ ಹೋಗಿ.

ಈ ಗಡಿ ಹಾಕುವ ವಿಧಾನ ಎಷ್ಟು ಗಟ್ಟಿ ಎನ್ನುವುದಕ್ಕೆ ಬಾಸ್ಕೆಟ್‌ಬಾಲ್‌ನ ಒಂದು ಉದಾಹರಣೆ ಹೇಳಿ ಮತ್ತೆ ಹಾಕಿಗೆ ಬರುತ್ತೇನೆ. 1990-91ರ ಎನ್‌ಬಿಎ ಹೂಪ್ಸ್ ಸೆಟ್‌ನಲ್ಲಿ ಮಾರ್ಕ್ ಜಾಕ್ಸನ್‌ನ ಕಾರ್ಡಿದೆ. ಅಂಕಣದ ಪಕ್ಕದ ಸೀಟುಗಳಲ್ಲಿ ಕೂತ ಇಬ್ಬರು ಯುವಕರು ಮೆನೆಂಡೆಜ್ ಸೋದರರು ಎಂದು 2018ರಲ್ಲಿ ಪತ್ತೆಯಾಯಿತು. ಅವರು ತಂದೆ ತಾಯಿಯನ್ನು ಕೊಂದದ್ದು 1989ರ ಆಗಸ್ಟಿನಲ್ಲಿ, ಬಂಧನವಾದದ್ದು 1990ರ ಮಾರ್ಚಿನಲ್ಲಿ. ಕಾರ್ಡಿನ ಹಿಂದಿನ ಸೀಸನ್ ಶುರುವಾದದ್ದು 1989ರ ನವೆಂಬರಿನಲ್ಲಿ. ಹಾಗಾಗಿ ಆ ಪಂದ್ಯ ನಡೆದದ್ದು ಆ ನಾಲ್ಕೈದು ತಿಂಗಳೊಳಗೆ ಎಂದು ಯಾರನ್ನೂ ಕೇಳದೆ ಹೇಳಬಹುದು. ಹಿನ್ನೆಲೆಯ ಒಂದು ಸಂಗತಿ ಇಡೀ ಫೋಟೊಗೆ ತಾರೀಕು ಹಾಕಿಕೊಡುತ್ತದೆ.

ಹಾಕಿಯಲ್ಲಿ ಈ ಕೆಲಸವನ್ನು ಎದುರಾಳಿಯ ಜೆರ್ಸಿ ಮಾಡುತ್ತದೆ. ಕೆಲವು ತಂಡಗಳು ಸ್ವಲ್ಪ ಕಾಲ ಮಾತ್ರ ಬದುಕಿದ್ದವು. ಕ್ಯಾನ್ಸಸ್ ಸಿಟಿ ಸ್ಕೌಟ್ಸ್ ಆಡಿದ್ದು 1974-75 ಮತ್ತು 1975-76, ಎರಡೇ ಸೀಸನ್. ಅದೇ ತಂಡ ಆಮೇಲೆ ಕೊಲೊರಾಡೊ ರಾಕೀಸ್ ಆಗಿ 1982ರವರೆಗೆ ಆಡಿತು, ಅಲ್ಲಿಂದ ನ್ಯೂಜೆರ್ಸಿಗೆ ಹೋಯಿತು. ಕ್ಯಾಲಿಫೋರ್ನಿಯಾದ ಸೀಲ್ಸ್ ತಂಡ 1976ರಲ್ಲಿ ಕ್ಲೀವ್‌ಲ್ಯಾಂಡಿಗೆ ಹೋಗಿ ಬ್ಯಾರನ್ಸ್ ಆಯಿತು, 1978ರಲ್ಲಿ ಮಿನೆಸೋಟ ನಾರ್ತ್ ಸ್ಟಾರ್ಸ್ ಜೊತೆ ವಿಲೀನವಾಯಿತು. ಮುಂದೆ ನಿಂತವನ ಹಿಂದೆ ಬ್ಯಾರನ್ಸ್ ಜೆರ್ಸಿಯ ತೋಳು ಒಂದಿಷ್ಟು ಕಂಡರೂ ಸಾಕು, ಫೋಟೊ 1976-77 ಅಥವಾ 1977-78ರದ್ದು. ಬಣ್ಣ ಬದಲಾವಣೆಯೂ ಹೀಗೇ ನೆರವಾಗುತ್ತದೆ. ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ನೀಲಿ ಬಿಟ್ಟು ಕಪ್ಪು ಮತ್ತು ಚಿನ್ನದ ಬಣ್ಣಕ್ಕೆ ಬಂದದ್ದು 1980ರ ಜನವರಿ ಕೊನೆಗೆ, ಸೀಸನ್ನಿನ ನಡುವೆಯೇ. ಇನ್ನು ಫಿಲಡೆಲ್ಫಿಯಾ ಫ್ಲೈಯರ್ಸ್ ಪಾದದ ಗಂಟಿನವರೆಗೂ ಇಳಿಯುವ ಉದ್ದ ಪ್ಯಾಂಟ್ ತೊಟ್ಟದ್ದು 1981-82 ಮತ್ತು 1982-83ರಲ್ಲಿ, ಹಾರ್ಟ್‌ಫರ್ಡ್ ವೇಲರ್ಸ್ 1982-83ರಲ್ಲಿ. ಹಿನ್ನೆಲೆಯಲ್ಲಿ ಉದ್ದ ಪ್ಯಾಂಟ್ ಕಂಡಿತೋ, ತಂಡ ಮತ್ತು ವರ್ಷ ಎರಡೂ ಒಟ್ಟಿಗೆ ಸಿಕ್ಕ ಹಾಗೆ.

ಪಂದ್ಯ ಎಲ್ಲಿ ನಡೆಯಿತು ಎಂದು ತಿಳಿಯುವುದೂ ಜೆರ್ಸಿಯಿಂದಲೇ. 1970-71ರಿಂದ 2002-03ರವರೆಗೆ ತವರಿನ ತಂಡ ಬಿಳಿ ತೊಡುತ್ತಿತ್ತು, ಅತಿಥಿ ತಂಡ ಗಾಢ ಬಣ್ಣ. ಲಾಸ್ ಏಂಜಲಿಸ್ ಕಿಂಗ್ಸ್‌ನಂಥ ತಂಡಗಳು ಬಿಳಿಯ ಬದಲು ಹಳದಿ ತೊಟ್ಟದ್ದುಂಟು. ಅದಕ್ಕೆ ಮುಂಚೆ ಲೆಕ್ಕ ತಿರುವುಮುರುವು. ಬಾಸ್ಟನ್ ತಂಡದ ಬಾಬಿ ಆರ್ ಗಾಳಿಯಲ್ಲಿ ಹಾರಿದ ಪ್ರಸಿದ್ಧ ಫೋಟೊ ನಿಮಗೆ ನೆನಪಿರಬಹುದು, 1970ರ ಮೇ 10, ಲೀಗಿನ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಸ್ಟ್ಯಾನ್ಲಿ ಕಪ್ ಫೈನಲ್. ಪಂದ್ಯ ಬಾಸ್ಟನ್ನಿನಲ್ಲೇ ನಡೆದಿತ್ತು, ಆದರೂ ಆರ್ ತೊಟ್ಟದ್ದು ಕಪ್ಪು ಜೆರ್ಸಿ, ಅವನ ಕಾಲಿಗೆ ಸ್ಟಿಕ್ ಸಿಕ್ಕಿಸಿದ ಸೇಂಟ್ ಲೂಯಿಸ್‌ನ ನೋಯೆಲ್ ಪಿಕಾರ್ಡ್ ತೊಟ್ಟದ್ದು ಬಿಳಿ. 1970ರ ಆಚೀಚಿನ ಕಾರ್ಡುಗಳಲ್ಲಿ ಇದನ್ನು ಮರೆತರೆ ತವರು ಮತ್ತು ಅತಿಥಿ ಅದಲು ಬದಲಾಗುತ್ತವೆ.

ಆ ಫೋಟೊದಲ್ಲೇ ಇನ್ನೊಂದು ಪಾಠವಿದೆ. ಆರ್ ಸಂಖ್ಯೆ 4. ಪಿಕಾರ್ಡ್ ಸಂಖ್ಯೆಯೂ 4. ಬಣ್ಣ ಗೊತ್ತಾಗದೆ ಸಂಖ್ಯೆಯನ್ನಷ್ಟೇ ಓದಿದರೆ ಏನಾದೀತು ನೋಡಿ. ಸಂಖ್ಯೆಗೆ ಅರ್ಥ ಬರುವುದು ತಂಡ ಮತ್ತು ಸೀಸನ್ ಗಟ್ಟಿಯಾದ ಮೇಲೆ.

ಈಗ ಸಂಖ್ಯೆಗೆ ಬರೋಣ. ಹೆಚ್ಚಿನ ಪತ್ತೆಗಳು ಗೆಲ್ಲುವುದೂ ಸೋಲುವುದೂ ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಬೆನ್ನಿನ ಮೇಲೆ ಹೆಸರು ಬರೆಯುವುದನ್ನು ಲೀಗ್ ಕಡ್ಡಾಯ ಮಾಡಿದ್ದು 1977-78ರಲ್ಲಿ. ಆಗಲೂ ಟೊರಾಂಟೊ ಮೇಪಲ್ ಲೀಫ್ಸ್ ಮಾಲೀಕ ಹೆರಾಲ್ಡ್ ಬ್ಯಾಲಾರ್ಡ್ ಒಪ್ಪಲಿಲ್ಲ. ಸಂಖ್ಯೆ ನೋಡಿ ಹೆಸರು ತಿಳಿಯಲು ಜನ ಪಂದ್ಯದ ಪುಸ್ತಿಕೆ ಕೊಳ್ಳಬೇಕಿತ್ತು, ಆ ವ್ಯಾಪಾರ ಕೆಡುತ್ತದೆ ಎನ್ನುವುದು ಆತನ ಲೆಕ್ಕ. ಒತ್ತಡ ಹೆಚ್ಚಾದಾಗ 1978ರ ಫೆಬ್ರವರಿಯಲ್ಲಿ ನೀಲಿ ಜೆರ್ಸಿಯ ಮೇಲೆ ನೀಲಿಯಲ್ಲೇ ಹೆಸರು ಹೊಲಿಸಿದ, ಯಾರಿಗೂ ಓದಲಾಗದ ಹಾಗೆ. ಅದರ ಹಿಂದಿನ ಕಾಲದ ಕಾರ್ಡುಗಳಲ್ಲಿ ನಮಗೆ ಸಿಗುವುದು ಬಹುತೇಕ ಅಂಕಿ ಮಾತ್ರ, ಅದೂ ಮಡಿಕೆ ಬಿದ್ದ ಬಟ್ಟೆಯ ಮೇಲೆ, ಅರ್ಧ.

ಅರ್ಧ ಅಂಕಿಯನ್ನು ಓದುವಾಗ ಅಂಕಿಯ ಆಕಾರಕ್ಕಿಂತ ಮೊದಲು ಅದು ಕೂತ ಜಾಗ ನೋಡಿ. ಒಂಟಿ ಅಂಕಿಯಾದರೆ ಬೆನ್ನುಮೂಳೆಯ ಗೆರೆಯ ಮೇಲೆ, ನಟ್ಟನಡುವೆ ಇರುತ್ತದೆ. ಎರಡಂಕಿಯಾದರೆ ಆ ಗೆರೆ ಎರಡು ಅಂಕಿಗಳ ನಡುವೆ ಹಾಯುತ್ತದೆ. ಕತ್ತಿನ ನಡುಬಿಂದುವಿನಿಂದ ಪ್ಯಾಂಟಿನ ಹಿಂಬದಿಯ ನಡು ಹೊಲಿಗೆಯವರೆಗೆ ಮನಸ್ಸಿನಲ್ಲೇ ಒಂದು ಗೆರೆ ಎಳೆಯಿರಿ. ಕಾಣುತ್ತಿರುವ 9 ಆ ಗೆರೆಯ ಬಲಕ್ಕೆ ಸರಿದಿದ್ದರೆ ಅದರ ಎಡಕ್ಕೆ ಇನ್ನೊಂದು ಅಂಕಿ ಮರೆಯಾಗಿದೆ ಎಂದೇ ಅರ್ಥ. ಆಟಗಾರ ಪಕ್ಕಕ್ಕೆ ತಿರುಗಿದ್ದರೆ ಗೆರೆಯೂ ತಿರುಗುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಬೆನ್ನು ಕಾಣದಿದ್ದರೆ ತೋಳು ನೋಡಿ, ಅಲ್ಲಿಯೂ ಸಣ್ಣ ಸಂಖ್ಯೆ ಇರುವ ತಂಡಗಳು ಬಹಳ. 3, 5, 6, 8, 9 ಇವು ಮಸುಕಿನಲ್ಲಿ ಒಂದರ ಹಾಗೆ ಒಂದು ಕಾಣುತ್ತವೆ. ಇವನ್ನು ಬೇರ್ಪಡಿಸುವುದು ಅಂಕಿಯ ಒಳಗಿನ ಖಾಲಿ ಜಾಗ. 8ಕ್ಕೆ ಎರಡೂ ಹೊಟ್ಟೆ ಮುಚ್ಚಿರುತ್ತವೆ, 9ಕ್ಕೆ ಮೇಲಿನದು ಮಾತ್ರ, 6ಕ್ಕೆ ಕೆಳಗಿನದು ಮಾತ್ರ, 3 ಮತ್ತು 5ಕ್ಕೆ ಒಂದೂ ಇಲ್ಲ. ಬಟ್ಟೆಯ ಮಡಿಕೆ ತೆರೆದ ಬಾಯನ್ನು ಮುಚ್ಚಿದ ಹಾಗೆ ತೋರಿಸಬಹುದು, ಅದೊಂದು ಎಚ್ಚರ ಇರಲಿ.

ಸಂಖ್ಯೆ ಸಿಕ್ಕ ಮೇಲೆ ಆ ಸೀಸನ್ನಿನಲ್ಲಿ ಆ ಸಂಖ್ಯೆಯನ್ನು ಯಾರ್‍ಯಾರು ತೊಟ್ಟರು ಎಂಬ ಪಟ್ಟಿ ಬೇಕು. "ಯಾರು" ಅಲ್ಲ, "ಯಾರ್‍ಯಾರು". ಗಾಯ, ವರ್ಗಾವಣೆ, ಸಣ್ಣ ಲೀಗಿನಿಂದ ಬಂದು ಹೋಗುವವರು, ಇವರಿಂದಾಗಿ ಒಂದೇ ಸೀಸನ್ನಿನಲ್ಲಿ ಒಂದೇ ಜೆರ್ಸಿ ಇಬ್ಬರು ಮೂವರ ಮೈಮೇಲೆ ಹೋಗುವುದು ಸಾಮಾನ್ಯ. ದೊಡ್ಡ ಆಟಗಾರರೂ ಸಂಖ್ಯೆ ಬದಲಿಸಿದ್ದಾರೆ. ಶಿಕಾಗೋದ ಬಾಬಿ ಹಲ್ ಮೊದಲು 16, ಆಮೇಲೆ 7, ಕೊನೆಗೆ 9. ವರ್ಗಾವಣೆಯಾದಾಗ ಬದಲಾವಣೆ ಇನ್ನೂ ಹೆಚ್ಚು. 1975ರ ನವೆಂಬರ್ 7ರಂದು ಬಾಸ್ಟನ್ ಮತ್ತು ನ್ಯೂಯಾರ್ಕ್ ರೇಂಜರ್ಸ್ ನಡುವೆ ದೊಡ್ಡ ವಿನಿಮಯ ನಡೆಯಿತು. ಬಾಸ್ಟನ್ನಿನಲ್ಲಿ 7 ಆಗಿದ್ದ ಫಿಲ್ ಎಸ್ಪೊಸಿಟೊ ನ್ಯೂಯಾರ್ಕಿಗೆ ಹೋದಾಗ ಅಲ್ಲಿ 7 ರಾಡ್ ಗಿಲ್ಬರ್ಟ್‌ನದಾಗಿತ್ತು, ಕೊನೆಗೆ 77ಕ್ಕೆ ನಿಂತ. ರೇಂಜರ್ಸ್‌ನ 2 ಆಗಿದ್ದ ಬ್ರ್ಯಾಡ್ ಪಾರ್ಕ್ ಬಾಸ್ಟನ್ನಿನಲ್ಲಿ 22 ಆದ, 19 ಆಗಿದ್ದ ಜಾನ್ ರಟೆಲ್ 10 ಆದ. ರೇಂಜರ್ಸ್ ಜೆರ್ಸಿಯ 19 ರಟೆಲ್ ಎನ್ನುವುದು ಆ ತಾರೀಕಿನವರೆಗೆ ಮಾತ್ರ ನಿಜ.

ಒಂದು ಕಾರ್ಡನ್ನು ಕಲ್ಪಿಸಿಕೊಂಡು ಇದನ್ನೆಲ್ಲ ಒಟ್ಟಿಗೆ ನಡೆಸಿ ನೋಡೋಣ. 1975-76ರ ಸೆಟ್ ಎಂದುಕೊಳ್ಳಿ. ಮುಂದೆ ಬಿಳಿ ಜೆರ್ಸಿಯ ರೇಂಜರ್ಸ್ ಆಟಗಾರ, 1974ರಲ್ಲಷ್ಟೇ ತಂಡಕ್ಕೆ ಬಂದವನು. ಹಿಂದೆ ನೀಲಿ ಮತ್ತು ಕಿತ್ತಳೆಯ ಒಂದು ಬೆನ್ನು, ಅದರ ಮೇಲೊಂದು 9. ರೇಂಜರ್ಸ್ ಬಿಳಿಯಲ್ಲಿದ್ದಾರೆ, ವರ್ಷ 1970ರ ಆಚೆಯದು, ಆದ್ದರಿಂದ ಪಂದ್ಯ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ. ಎದುರಾಳಿ ನ್ಯೂಯಾರ್ಕ್ ಐಲ್ಯಾಂಡರ್ಸ್. ಆ ತಂಡ 1972-73ರಲ್ಲಿ ಹುಟ್ಟಿತು, ಆದರೆ ಮುಂದಿನವನು ಬಂದದ್ದು 1974ರಲ್ಲಾದ್ದರಿಂದ ಉಳಿಯುವುದು 1974-75 ಒಂದೇ ಸೀಸನ್. ಇಷ್ಟಾದ ಮೇಲೆ ಮನಸ್ಸು ತಾನಾಗಿ ಓಡುವುದು ಕ್ಲಾರ್ಕ್ ಗಿಲ್ಲಿಸ್ ಕಡೆಗೆ. ಆತ ಐಲ್ಯಾಂಡರ್ಸ್‌ನ 9, ಆ ಸೀಸನ್ನಿನಲ್ಲೇ ಬಂದವನು. ಈಗ ಬೆನ್ನಿನ ನಡುಗೆರೆ ಎಳೆಯಿರಿ. 9 ಬಲಕ್ಕೆ ಸರಿದಿದೆ. ಅಂದರೆ ಎರಡಂಕಿ, ಗಿಲ್ಲಿಸ್ ಅಲ್ಲ. ಹಾಗಾದರೆ 19, ಬ್ರಯನ್ ಟ್ರಾಟಿಯೇ ಎಂದು ಇನ್ನೊಂದು ದೊಡ್ಡ ಹೆಸರು ಬಾಯಿಗೆ ಬರುತ್ತದೆ. ಟ್ರಾಟಿಯೇ ಲೀಗಿಗೆ ಬಂದದ್ದು 1975-76ರಲ್ಲಿ, ಈ ಫೋಟೊ ಅದಕ್ಕೂ ಹಿಂದಿನದು. ಅವನೂ ಅಲ್ಲ. ಉಳಿದದ್ದು 1974-75ರ ಐಲ್ಯಾಂಡರ್ಸ್ ಪಟ್ಟಿಯಲ್ಲಿ 9ರಿಂದ ಕೊನೆಗೊಳ್ಳುವ ಎರಡಂಕಿ ತೊಟ್ಟವರು. ಅಲ್ಲಿ ಸಿಗುವ ಹೆಸರು ಬಹುಶಃ ನೀವು ಕೇಳಿಯೇ ಇರದ ಹೆಸರು. ಅದೇ ಸರಿಯಾದ ಉತ್ತರ. ಪ್ರಸಿದ್ಧ ಹೆಸರು ಎರಡು ಸಲ ಬಾಗಿಲು ತಟ್ಟಿತು, ಎರಡು ಸಲವೂ ನಾವು ತೆರೆಯಲಿಲ್ಲ, ಅದಕ್ಕೇ ಅಲ್ಲಿಗೆ ತಲುಪಿದೆವು.

ಸಂಖ್ಯೆಯೇ ಕಾಣದಿದ್ದರೆ ಮೈ ನೋಡಬೇಕು. ಮೊದಲು ಸ್ಟಿಕ್ ಹಿಡಿದ ಬಗೆ. ಸ್ಟಿಕ್ಕಿನ ಮೇಲ್ತುದಿಯಲ್ಲಿ ಬಲಗೈ, ಕೆಳಗೆ ಎಡಗೈ ಇದ್ದರೆ ಎಡಗೈ ಹೊಡೆತದವನು, ತಿರುಗಿದ್ದರೆ ಬಲಗೈನವನು. ಪ್ರತಿ ಆಟಗಾರನ ದಾಖಲೆಯಲ್ಲಿ ಇದು ಬರೆದಿರುತ್ತದೆ, ಕಾರ್ಡಿನ ಹಿಂಬದಿಯಲ್ಲಿಯೂ ಎಷ್ಟೋ ಸಲ ಇರುತ್ತದೆ. ಆಡುವ ಜಾಗ ನೋಡಿ ಕೈ ಊಹಿಸಬೇಡಿ. ಮಾಂಟ್ರಿಯಲ್‌ನ ಇವಾನ್ ಕೂರ್ನೊಯೇ ಬಲ ಬದಿಯಲ್ಲಿ ಆಡುತ್ತಿದ್ದ, ಹೊಡೆಯುತ್ತಿದ್ದದ್ದು ಎಡಗೈಯಲ್ಲಿ.

ಆಮೇಲೆ ತಲೆ. 1979ರ ಜೂನ್ 1ರ ನಂತರ ಒಪ್ಪಂದ ಮಾಡಿಕೊಂಡ ಆಟಗಾರರಿಗೆ ಹೆಲ್ಮೆಟ್ ಕಡ್ಡಾಯವಾಯಿತು, ಹಳಬರಿಗೆ ವಿನಾಯಿತಿ ಇತ್ತು. ಆದ್ದರಿಂದ 1970ರ ದಶಕದ ಕಾರ್ಡುಗಳಲ್ಲಿ ಬರಿತಲೆಗಳು ಸಿಗುತ್ತವೆ: ಗುಂಗುರು ಕೂದಲು, ಬೋಳು, ದಟ್ಟ ಮೀಸೆ. ಹೆಲ್ಮೆಟ್ ತೊಟ್ಟವರು ಕಡಿಮೆ ಇದ್ದ ಕಾಲದಲ್ಲಿ ಹೆಲ್ಮೆಟ್ಟೇ ಗುರುತಾಗುತ್ತದೆ. ಬುಚ್ ಗೋರಿಂಗ್ ಹುಡುಗನಾಗಿದ್ದಾಗಿನಿಂದ ಇಟ್ಟುಕೊಂಡಿದ್ದ ಒಂದೇ ಹಳೆಯ ಮಾದರಿಯ ಹೆಲ್ಮೆಟ್ ತೊಟ್ಟು ಆಡುತ್ತಿದ್ದ, ಎಷ್ಟು ಮಸುಕಿನಲ್ಲೂ ಅದು ತಿಳಿಯುತ್ತದೆ. 1980ರ ಮಾರ್ಚಿನವರೆಗೆ ಆತ ಕಿಂಗ್ಸ್‌ನಲ್ಲಿ 19. ಐಲ್ಯಾಂಡರ್ಸ್‌ಗೆ ಹೋದಾಗ ಅಲ್ಲಿ 19 ಟ್ರಾಟಿಯೇನದು, ಹಾಗಾಗಿ ತಿರುವಿ 91 ಮಾಡಿಕೊಂಡ.

ಗೋಲ್‌ಕೀಪರನನ್ನು ಪತ್ತೆ ಮಾಡುವುದು ಎಲ್ಲಕ್ಕಿಂತ ಸುಲಭ. ತಂಡಕ್ಕೆ ಇಬ್ಬರು ಮೂವರೇ ಇರುತ್ತಾರೆ, ಮೇಲಾಗಿ ಮಾಸ್ಕ್ ಒಬ್ಬೊಬ್ಬರದು ಒಂದೊಂದು ಥರ. ಬಾಸ್ಟನ್ನಿನ ಜೆರಿ ಚೀವರ್ಸ್ ಮಾಸ್ಕಿನ ಮೇಲೆ ಚೆಂಡು ಬಡಿದಲ್ಲೆಲ್ಲ ಹೊಲಿಗೆಯ ಗುರುತು ಬರೆಸಿಕೊಳ್ಳುತ್ತಿದ್ದ. ಇಲ್ಲಿ ಚೆಂಡು ಎಂದೆ, ಸರಿಯಾಗಿ ಹೇಳಬೇಕೆಂದರೆ ಪಕ್, ಗಟ್ಟಿ ರಬ್ಬರಿನ ಬಿಲ್ಲೆ. ಗೋಲ್‌ಕೀಪರನಲ್ಲಿ ಇನ್ನೊಂದು ಗುರುತು ಪಕ್ ಹಿಡಿಯುವ ಕೈಗವಸು ಯಾವ ಕೈಯಲ್ಲಿದೆ ಎನ್ನುವುದು. ಹೆಚ್ಚಿನವರು ಎಡಗೈಯಲ್ಲಿ ಹಿಡಿಯುತ್ತಾರೆ. ರೇಂಜರ್ಸ್‌ನಲ್ಲಿ ಎಡಿ ಜಾಕೊಮಿನ್ ಎಡಗೈ, ಜೊತೆಗಾರ ಜಿಲ್ ವಿಲ್ಮೂರ್ ಬಲಗೈ. ಇಬ್ಬರಲ್ಲಿ ಯಾರು ಎಂಬ ಪ್ರಶ್ನೆ ಒಂದೇ ನೋಟಕ್ಕೆ ಮುಗಿಯುತ್ತದೆ.

ಮುಗಿಯಬೇಕು, ಫೋಟೊ ನೆಟ್ಟಗಿದ್ದರೆ. ಸ್ಲೈಡನ್ನು ತಿರುಗಾಮುರುಗಾ ಇಟ್ಟು ಅಚ್ಚು ಮಾಡಿದ ಕಾರ್ಡುಗಳಿವೆ. ಆಗ ಎಡಗೈನವನು ಬಲಗೈನವನಾಗುತ್ತಾನೆ, ಜಾಕೊಮಿನ್ ವಿಲ್ಮೂರ್ ಆಗುತ್ತಾನೆ. 1, 8, 11, 88 ಇಂಥ ಸಂಖ್ಯೆಗಳಲ್ಲಿ ತಿರುಗಿದ್ದು ಗೊತ್ತೇ ಆಗುವುದಿಲ್ಲ. ಜಾಕೊಮಿನ್ ಸಂಖ್ಯೆ 1 ಎನ್ನುವುದನ್ನು ನೆನಪಿಡಿ. ಆದ್ದರಿಂದ ಕೈ ನೋಡುವ ಮುಂಚೆ ಚಿತ್ರದಲ್ಲಿ ಎಲ್ಲಾದರೂ ಒಂದು ಅಕ್ಷರ ಹುಡುಕಿ: ಎದೆಯ ಲಾಂಛನ, ಸ್ಟಿಕ್ಕಿನ ಮೇಲಿನ ಕಂಪನಿ ಹೆಸರು, ರೇಂಜರ್ಸ್ ಎದೆಯಲ್ಲಿ ಓರೆಯಾಗಿ ಇಳಿಯುವ ತಂಡದ ಹೆಸರು. ಅಕ್ಷರ ಸರಿಯಾಗಿ ಓದಿಸಿಕೊಂಡರೆ ಮಾತ್ರ ಕೈಯ ಸಾಕ್ಷ್ಯ ನಂಬಿ.

ಬಣ್ಣ ಬಳಿದ ಕಾರ್ಡುಗಳು ಇನ್ನೊಂದು ಬಲೆ. ಬೇಸಿಗೆಯಲ್ಲಿ ಆಟಗಾರ ತಂಡ ಬದಲಿಸಿದರೆ ಕಂಪನಿಯ ಕಲಾವಿದರು ಹಳೆಯ ಫೋಟೊದ ಮೇಲೆಯೇ ಹೊಸ ತಂಡದ ಜೆರ್ಸಿ ಬರೆಯುತ್ತಿದ್ದರು. ಲಾಂಛನದ ಅಂಚು ದಪ್ಪಗೆ, ಬಟ್ಟೆಯಲ್ಲಿ ಮಡಿಕೆಯೇ ಇಲ್ಲದೆ ಚಪ್ಪಟೆಯಾಗಿ ಕಂಡರೆ ಅನುಮಾನಪಡಿ. ಓ-ಪೀ-ಚೀಯಲ್ಲಿ ಎಷ್ಟೋ ಸಲ ಚಿತ್ರ ಬದಲಿಸದೆ, ಈಗ ಇಂಥ ತಂಡದಲ್ಲಿದ್ದಾನೆ ಎಂದು ಒಂದು ಸಾಲು ಸೇರಿಸುತ್ತಿದ್ದರು. ಬಣ್ಣ ಬಳಿದವರು ಹಿನ್ನೆಲೆಯನ್ನು ಮುಟ್ಟುತ್ತಿರಲಿಲ್ಲ, ಅದೇ ನಮ್ಮ ಭಾಗ್ಯ. ಮುಂದಿನವನ ಜೆರ್ಸಿ ಸುಳ್ಳು ಹೇಳಿದರೂ ಹಿಂದೆ ನಿಂತ ಅವನ ಹಳೆಯ ಜೊತೆಗಾರ ನಿಜ ಹೇಳುತ್ತಾನೆ. ಇಂಥ ಕಾರ್ಡಿನಲ್ಲಿ ಮುಂದಿನವನ ಹಳೆಯ ತಂಡವನ್ನು ಹಿಡಿದು ಲೆಕ್ಕ ಶುರು ಮಾಡಿ.

ನೋಡುವ ಸಾಧನಗಳ ಬಗ್ಗೆ ಒಂದಿಷ್ಟು ಹೇಳಬೇಕು. ಮೊದಲು ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ. ಅದರಲ್ಲಿ ನೋಡಿದರೆ ಚಿತ್ರವೆಲ್ಲ ಬಣ್ಣದ ಚುಕ್ಕಿಗಳು ಎಂದು ತಿಳಿಯುತ್ತದೆ. ಅಚ್ಚಿನಲ್ಲಿರುವ ವಿವರ ಆ ಚುಕ್ಕಿಗಳಷ್ಟೇ, ಅದಕ್ಕಿಂತ ಒಳಗೆ ಏನೂ ಇಲ್ಲ. ಸ್ಕ್ಯಾನ್ ಮಾಡುವುದಾದರೆ 600 ಡಿಪಿಐ (ಇಂಚಿಗೆ 600 ಬಿಂದು) ಸಾಮಾನ್ಯವಾಗಿ ಸಾಕು, 1200ರ ಮೇಲೆ ಹೋದರೆ ಚುಕ್ಕಿಗಳು ದೊಡ್ಡದಾಗುತ್ತವೆ, ಮನುಷ್ಯ ದೊಡ್ಡವನಾಗುವುದಿಲ್ಲ. ಸ್ಕ್ಯಾನ್ ಆದ ಮೇಲೆ ಚುಕ್ಕಿಗಳು ಒಂದರಲ್ಲೊಂದು ಕರಗುವಷ್ಟು ಮಾತ್ರ ಚಿತ್ರವನ್ನು ಮಸುಕು ಮಾಡಿ, ಆಮೇಲೆ ಅರ್ಧ ಅಳತೆಗೆ ಇಳಿಸಿ. ವಿಚಿತ್ರ ಅನ್ನಿಸಬಹುದು, ಸಣ್ಣದಾದ ಚಿತ್ರದಲ್ಲೇ ಅಂಕಿ ಎದ್ದು ಕಾಣುತ್ತದೆ. ಕಾರ್ಡನ್ನು ತೋಳಿನಷ್ಟು ದೂರ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದರೂ ಅದೇ ಫಲ.

ಗ್ರೇಡಿಂಗ್ ಆಗಿ, ಅಂದರೆ ಸ್ಥಿತಿ ನೋಡಿ ದರ್ಜೆ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿದ ಕಾರ್ಡಾದರೆ ಸ್ಕ್ಯಾನರ್ ಯಾವುದು ಎನ್ನುವುದು ಮುಖ್ಯ. ಈಗ ಅಗ್ಗಕ್ಕೆ ಸಿಗುವ ತೆಳ್ಳನೆಯ ಸಿಐಎಸ್ ಸ್ಕ್ಯಾನರುಗಳು ಗಾಜಿಗೆ ಅಂಟಿಕೊಂಡದ್ದನ್ನು ಮಾತ್ರ ಸ್ಪಷ್ಟವಾಗಿ ಹಿಡಿಯುತ್ತವೆ. ಪ್ಲಾಸ್ಟಿಕ್ಕಿನ ದಪ್ಪದಷ್ಟು ಮೇಲೆ ಕೂತ ಕಾರ್ಡು ಮಂಜಾಗಿ ಬರುತ್ತದೆ. ಸಿಸಿಡಿ ಮಾದರಿಯ ಸ್ಕ್ಯಾನರಿನಲ್ಲಿ ಈ ತೊಂದರೆ ಬಹಳ ಕಡಿಮೆ.

ಇನ್ನು ಬಣ್ಣವನ್ನು ಬಿಡಿಸಿ ನೋಡುವ ಉಪಾಯ. ಫೋಟೊ ತಿದ್ದುವ ಯಾವುದೇ ಸಾಫ್ಟ್‌ವೇರಿನಲ್ಲಿ ಕೆಂಪು, ಹಸಿರು, ನೀಲಿ ಪದರಗಳನ್ನು ಬೇರೆ ಬೇರೆ ನೋಡಬಹುದು. ನೀಲಿ ಜೆರ್ಸಿ, ಬಿಳಿ ಅಂಕಿ, ಅದಕ್ಕೆ ಕಿತ್ತಳೆ ಅಂಚು ಎಂದುಕೊಳ್ಳಿ. ಕೆಂಪು ಪದರದಲ್ಲಿ ಜೆರ್ಸಿ ಕಪ್ಪಾಗಿ, ಬಿಳಿ ಮತ್ತು ಕಿತ್ತಳೆ ಎರಡೂ ಬೆಳ್ಳಗಾಗಿ ಅಂಕಿ ಊದಿಕೊಂಡ ಹಾಗೆ ಕಾಣುತ್ತದೆ. ದೂರದ ಮಸುಕು ಬೆನ್ನಿನ ಮೇಲೆ ಅಂಕಿ ಇದೆಯೋ ಇಲ್ಲವೋ ತಿಳಿಯಲು ಇದು ಒಳ್ಳೆಯದು. ನೀಲಿ ಪದರದಲ್ಲಿ ಕಿತ್ತಳೆ ಕಪ್ಪಾಗಿ ಬಿಳಿಯ ತಿರುಳಷ್ಟೇ ಉಳಿಯುತ್ತದೆ, ಅಂಕಿ ತೆಳ್ಳಗಾಗಿ ಒಳಗಿನ ಖಾಲಿ ಜಾಗ ತೆರೆಯುತ್ತದೆ. 3 ಮತ್ತು 8ರ ಜಗಳ ಬಗೆಹರಿಯುವುದು ಇಲ್ಲಿ.

ಒಂದನ್ನು ಮಾತ್ರ ಮಾಡಬೇಡಿ ಎಂದು ಕೈ ಮುಗಿದು ಕೇಳುತ್ತೇನೆ. ಕೃತಕ ಬುದ್ಧಿಮತ್ತೆಯಿಂದ ಚಿತ್ರವನ್ನು ಚುರುಕುಗೊಳಿಸುವ ಆ್ಯಪ್‌ಗಳಿಗೆ ಹಿನ್ನೆಲೆಯ ಮುಖ ಕೊಡಬೇಡಿ. ಅವು ಇಲ್ಲದ ಕಣ್ಣು, ಮೂಗು, ಅಂಕಿಗಳನ್ನು ತಾವೇ ಹುಟ್ಟಿಸಿ ಇಡುತ್ತವೆ. ಬಂದ ಮುಖ ನೋಡಲು ಸ್ಪಷ್ಟವಾಗಿರುತ್ತದೆ, ಆದರೆ ಆ ಮನುಷ್ಯ ಆ ರಿಂಕಿನಲ್ಲಿ ಇರಲೇ ಇಲ್ಲ.

1950ರ ದಶಕದ ಕಾರ್ಡುಗಳಿಗೆ ಲೆಕ್ಕ ಸ್ವಲ್ಪ ಬೇರೆ. 1942-43ರಿಂದ 1966-67ರವರೆಗೆ ಲೀಗಿನಲ್ಲಿ ಆರೇ ತಂಡ, ಹಾಗಾಗಿ ಎದುರಾಳಿ ಐದರಲ್ಲೊಂದು, ಕೆಲಸ ಹಗುರ. ಆದರೆ ಕಪ್ಪು ಬಿಳುಪು ಫೋಟೊಗೆ ಆಮೇಲೆ ಬಣ್ಣ ಹಚ್ಚಿದ ಕಾರ್ಡುಗಳಲ್ಲಿ ಬಣ್ಣವನ್ನು ಸಾಕ್ಷಿ ಎಂದು ಹಿಡಿಯುವ ಹಾಗಿಲ್ಲ. ಎಷ್ಟೋ ಕಾರ್ಡುಗಳಲ್ಲಿ ಹಿನ್ನೆಲೆಯನ್ನು ಪೂರ್ತಿ ಅಳಿಸಿ ಒಂದೇ ಬಣ್ಣ ತುಂಬಿದ್ದಾರೆ. ಅಲ್ಲಿ ಮೂಲ ಫೋಟೊ ಹುಡುಕುವುದೊಂದೇ ದಾರಿ.

1951-52ರ ಪಾರ್ಕ್‌ಹರ್ಸ್ಟ್ ಸೆಟ್‌ನ 52ನೆಯ ಕಾರ್ಡು ಟೊರಾಂಟೊದ ಬಿಲ್ ಬಾರಿಲ್ಕೊ ಹೊಡೆದ ಗೋಲಿನದು. 1951ರ ಏಪ್ರಿಲ್ 21, ಟೊರಾಂಟೊ ಮತ್ತು ಮಾಂಟ್ರಿಯಲ್ ನಡುವಿನ ಫೈನಲ್‌ನ ಐದನೆಯ ಪಂದ್ಯ, ಹೆಚ್ಚುವರಿ ಅವಧಿಯ 2 ನಿಮಿಷ 53 ಸೆಕೆಂಡಿಗೆ. ಕಾರ್ಡು ಕೇವಲ 1¾ ಇಂಚು ಅಗಲ, 2½ ಇಂಚು ಎತ್ತರದ್ದು, ಅಷ್ಟರಲ್ಲಿ ಯಾರನ್ನು ಗುರುತಿಸುವುದು? ಅದೇ ಕ್ಷಣವನ್ನು ನ್ಯಾಟ್ ಟುರೊಫ್ಸ್ಕಿ ತೆಗೆದ ಫೋಟೊ ಇದೆ. ಅವರ ಸಂಗ್ರಹ ಈಗ ಟೊರಾಂಟೊದ ಹಾಕಿ ಹಾಲ್ ಆಫ್ ಫೇಮ್‌ನಲ್ಲಿದೆ. ಆ ಫೋಟೊದಲ್ಲಿ ಬಾರಿಲ್ಕೊ ಮುಂದಕ್ಕೆ ಬೀಳುತ್ತಿದ್ದಾನೆ, ಗೋಲ್‌ಕೀಪರ್ ಜೆರಿ ಮೆಕ್‌ನೀಲ್ ಹಿಂದಕ್ಕೆ. ಸುತ್ತ ಹೌವಿ ಮೀಕರ್, ಹ್ಯಾರಿ ವಾಟ್ಸನ್, ಕ್ಯಾಲ್ ಗಾರ್ಡ್ನರ್, ಮಾಂಟ್ರಿಯಲ್‌ನ ಬುಚ್ ಬುಶಾರ್ಡ್. ಅದನ್ನು ಪಕ್ಕದಲ್ಲಿಟ್ಟುಕೊಂಡು ಕಾರ್ಡು ನೋಡಿ, ಯಾರು ಎಲ್ಲಿದ್ದರು ಎಂದು ತಿಳಿಯುತ್ತದೆ. ಆ ಕಾರ್ಡು ಮಕ್ಕಳ ಕೈಗೆ ಬರುವ ಹೊತ್ತಿಗೆ ಬಾರಿಲ್ಕೊ ಕಾಣೆಯಾಗಿದ್ದ. ಆಗಸ್ಟಿನಲ್ಲಿ ಅವನಿದ್ದ ಸಣ್ಣ ವಿಮಾನ ಕಾಡಿನಲ್ಲಿ ಬಿದ್ದಿತ್ತು, ಅವಶೇಷ ಸಿಕ್ಕಿದ್ದು 1962ರಲ್ಲಿ.

ಕಡೆಯದಾಗಿ ದಾಖಲೆ ಬರೆಯುವ ಬಗೆ. ಸೆಟ್, ಕಾರ್ಡ್ ಸಂಖ್ಯೆ, ಮುಂದಿನವನ ಹೆಸರು. ಹಿನ್ನೆಲೆಯವನು ನೋಡುವವರ ಎಡಕ್ಕೋ ಬಲಕ್ಕೋ, ಎಷ್ಟು ಕಾಣುತ್ತಾನೆ. ಪಂದ್ಯ ಎಲ್ಲಿಯದು, ಯಾವ ಸೀಸನ್ ಇರಬಹುದು. ಆಮೇಲೆ ಸಾಕ್ಷ್ಯ: ಸಂಖ್ಯೆ ಪೂರ್ತಿಯೋ ಅರ್ಧವೋ, ಕೈ, ಹೆಲ್ಮೆಟ್, ಮುಖ. ಟಾಪ್ಸ್ ಮತ್ತು ಓ-ಪೀ-ಚೀ ಎರಡರಲ್ಲೂ ಅದೇ ಫೋಟೊ ಇದ್ದರೆ ಎರಡನ್ನೂ ನೋಡಿ, ಕತ್ತರಿಸಿದ ಅಂಚು ಬೇರೆಯಾಗಿದ್ದು ಒಂದರಲ್ಲಿ ಮರೆಯಾದ ಅಂಕಿ ಇನ್ನೊಂದರಲ್ಲಿ ಕಂಡೀತು. ಕೊನೆಗೆ ಹೆಸರಿನ ಮುಂದೆ ಮೂರರಲ್ಲಿ ಒಂದು ಮಾತು ಬರೆಯಿರಿ: ಖಚಿತ, ಬಹುತೇಕ, ಊಹೆ. ಬೇರೆ ಬೇರೆ ಬಗೆಯ ಎರಡು ಸಾಕ್ಷ್ಯ ಒಂದೇ ಹೆಸರನ್ನು ತೋರಿಸಿ, ಅದೇ ಸಂಖ್ಯೆಯ ಉಳಿದವರೆಲ್ಲ ಬಿದ್ದುಹೋದರೆ ಮಾತ್ರ ಖಚಿತ ಎನ್ನಿ. ಇಬ್ಬರು ಉಳಿದರೆ ಇಬ್ಬರ ಹೆಸರನ್ನೂ ಬರೆದಿಡಿ, ಮುಂದೆ ಯಾರಿಗಾದರೂ ಆ ಪಂದ್ಯದ ಇನ್ನೊಂದು ಫೋಟೊ ಸಿಕ್ಕಾಗ ಅವರು ಒಂದನ್ನು ಹೊಡೆದುಹಾಕುತ್ತಾರೆ.